ದೇಗ್ಚಿಯ ಕಲಾಯಿ ಮತ್ತು ಎಲೆಕ್ಟ್ರಾನ್ ಲೆಕ್ಕ

ಕಿನ್ನಾಳದ ನಮ್ಮ ಮನೆಯಲ್ಲಿ ದಾದಿಯ ತಾಮ್ರದ ದೇಗ್ಚಿ ಇದೆ. ಒಳಗಿನ ಕಲಾಯಿ ಹೋದರೆ ದಾದಿ ಅದರಲ್ಲಿ ಹುಳಿ ಪದಾರ್ಥ ಮಾಡಲು ಬಿಡುವುದಿಲ್ಲ. ಕಲಾಯಿ ಎಂದರೆ ತವರ. ತವರವು 13.2 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಬೂದು ಪುಡಿಯಾಗಬಹುದು ಎಂದು ಓದಿದಾಗ ನನಗೆ ದೇಗ್ಚಿಯ ಚಿಂತೆ ಹತ್ತಿತು. ಕಾಮರ್ಸ್‌ನವಳಿಗೆ ಇದೆಲ್ಲ ಏಕೆ ಎಂದು ಸೈನ್ಸ್ ಗೆಳತಿಯರು ನಕ್ಕರು. ಆದರೆ ಇದೂ ಲೆಕ್ಕವೇ!

ತವರದ ಪರಮಾಣುವಿನಲ್ಲಿ 50 ಎಲೆಕ್ಟ್ರಾನ್‌ಗಳಿವೆ. ಬಂಧಕ್ಕೆ ಬರುವುದು ಹೊರಗಿನ 4 ಮಾತ್ರ. ಬೂದು ತವರದಲ್ಲಿ, ವಜ್ರದಲ್ಲಿರುವಂತೆ, ಪ್ರತಿ ಪರಮಾಣುವಿಗೆ 4 ನೆರೆಯವು. ಎಲೆಕ್ಟ್ರಾನ್‌ಗಳು ಜೋಡಿಯಾಗಿ ಅವುಗಳ ನಡುವೆ ನಿಲ್ಲುತ್ತವೆ. ಬಿಳಿ ತವರದಲ್ಲಿ 4 ಹತ್ತಿರ, 2 ಸ್ವಲ್ಪ ದೂರ. ಎಲೆಕ್ಟ್ರಾನ್‌ಗಳು ಎಲ್ಲೆಡೆ ಹರಡಿಕೊಳ್ಳುತ್ತವೆ. ಅದಕ್ಕೇ ಆ ಹೊಳಪು.

ಎರಡರಲ್ಲಿ ಯಾವುದು ಉಳಿಯುತ್ತದೆ? ಕಂಪ್ಯೂಟರ್ ಒಟ್ಟು ಶಕ್ತಿಯ ಲೆಕ್ಕ ಹಾಕುತ್ತದೆ. ಸಂತೆಯಲ್ಲಿ ಒಬ್ಬೊಬ್ಬರ ಹೆಸರು ಬರೆಯದೆ ಎಲ್ಲಿ ಎಷ್ಟು ಜನ ಎಂದಷ್ಟೇ ನೋಡುವಂತೆ, ಎಲೆಕ್ಟ್ರಾನ್‌ಗಳ ಸಾಂದ್ರತೆಯನ್ನಷ್ಟೇ ಹಿಡಿಯುವ ಈ ದಾರಿಯನ್ನು 1964–65ರಲ್ಲಿ ವಾಲ್ಟರ್ ಕೋನ್ ಮತ್ತು ಜೊತೆಗಾರರು ತೋರಿಸಿದರು. 1998ರಲ್ಲಿ ಕೋನ್ ಅವರಿಗೆ ನೊಬೆಲ್ ಬಂತು. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಉಮೇಶ್ ವಾಘ್ಮರೆ ಅವರು ಬೇರೆ ಬೇರೆ ಹರಳುಗಳಿಗೆ ಇಂಥ ಲೆಕ್ಕ ಮಾಡಿದ್ದಾರೆ.

ಸೊನ್ನೆ ಕೆಲ್ವಿನ್‌ನಲ್ಲಿ ಬೂದು ತವರದ ಶಕ್ತಿ ಕೊಂಚ ಕಡಿಮೆ, ಅಂದರೆ ಅದೇ ಅಗ್ಗ. ಬಿಸಿಯೇರಿದಂತೆ ಬಿಳಿ ತವರದ ಪರಮಾಣುಗಳು ಹೆಚ್ಚು ಸಡಿಲವಾಗಿ ಕಂಪಿಸುವುದರಿಂದ ತಕ್ಕಡಿ ಆ ಕಡೆ ವಾಲುತ್ತದೆ.

13 ಡಿಗ್ರಿಯ ಹತ್ತಿರ ಈ ಬದಲಾವಣೆ ಬಹಳ ನಿಧಾನ. ಜೋರಾಗುವುದು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ. ಕಿನ್ನಾಳದ ಚಳಿ ಅಲ್ಲಿಗೆ ಹೋಗದು. ದಾದಿಗೆ ಎಲ್ಲ ಹೇಳಿದೆ. "ಸರಿ ಬೇಟಾ, ಹೊರಗಡೆ ಹುಣಸೆಹಣ್ಣು ಹಚ್ಚಿ ತಿಕ್ಕು" ಎಂದರು.