ಹತ್ತನೆಯ ತರಗತಿಯ ಮಗಳೂ ಮನೆಯವರೂ

ಮಗಳು ಹತ್ತನೆಯ ತರಗತಿಗೆ ಬಂದಳೆಂದರೆ ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಮೊದಲು ನಡೆಯುವ ಕಾರ್ಯವು ಟ್ಯೂಷನ್ನಿಗೆ ಹಣ ಕಟ್ಟುವುದು. ಎರಡನೆಯದು ಟೆಲಿವಿಷನ್ನನ್ನು ನಿಲ್ಲಿಸುವುದು. ಇವೆರಡೂ ಆದಮೇಲೆ ತಮ್ಮ ಕೆಲಸವು ತೀರಿತೆಂದು ಅನೇಕ ತಾಯಿತಂದೆಗಳು ಎಣಿಸುತ್ತಾರೆ. ಮನೆಯವರ ಕೆಲಸವು ಅಲ್ಲಿಂದಲೇ ಆರಂಭವಾಗತಕ್ಕದ್ದೆಂದು ನಮ್ಮ ಅಭಿಪ್ರಾಯ.

ಪರೀಕ್ಷೆಯ ಸ್ವರೂಪವನ್ನು ಅರಿಯದೆ ಮಗಳಿಗೆ ನೆರವಾಗುವುದು ಕಷ್ಟ. ನಮ್ಮ ಹಳೆಯ ವಿದ್ಯಾರ್ಥಿನಿಯರು ಬರೆದ ಎಸ್.ಎಸ್.ಎಲ್.ಸಿ. ಬೇರೆ, ಈಗಿನದು ಬೇರೆ. ಒಟ್ಟು ಅಂಕಗಳು 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇವುಗಳಲ್ಲಿ ಐದನೆಯ ಒಂದು ಪಾಲು ಶಾಲೆಯಲ್ಲಿ ವರುಷದುದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನದಿಂದಲೇ ಬರುವುದು. ಆದಕಾರಣ ಮಾರ್ಚಿ ತಿಂಗಳ ಭಯಕ್ಕಿಂತ ಜೂನಿನ ಹಾಜರಿಯು ಹೆಚ್ಚು ಪ್ರಯೋಜನಕಾರಿ.

ಓದಿನ ವಿಷಯದಲ್ಲಿ ಒಂದೇ ಮಾತು. ಪಾಠವನ್ನು ಹತ್ತು ಸಲ ಓದುವುದಕ್ಕಿಂತ, ಒಂದೆರಡು ಸಲ ಓದಿ, ಪುಸ್ತಕವನ್ನು ಮುಚ್ಚಿ, ನೆನಪಿನಿಂದ ಬರೆದರೆ ಅದು ಹೆಚ್ಚು ಕಾಲ ಉಳಿಯುವುದೆಂದು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿದ್ದಾರೆ. ಇದಕ್ಕೆ ಮನೆಯವರು ವಿದ್ವಾಂಸರಾಗಬೇಕಾಗಿಲ್ಲ. ಅಕ್ಷರವರಿಯದ ಅಜ್ಜಿಯೂ "ಇವೊತ್ತು ಏನು ಕಲಿತೆ, ಹೇಳಮ್ಮ" ಎಂದು ಕೇಳಬಹುದು.

ನಿದ್ರೆಯ ಸಂಗತಿಯು ಇನ್ನೂ ಮುಖ್ಯವಾದುದು. ಈ ಪ್ರಾಯದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ರೆ ಬೇಕು. ದೇಹಧರ್ಮದಿಂದಲೇ ಇವರಿಗೆ ರಾತ್ರಿ ತಡವಾಗಿ ನಿದ್ರೆ ಬರುತ್ತದೆ. ಹನ್ನೊಂದಕ್ಕೆ ಮಲಗಿದವಳನ್ನು ನಾಲ್ಕಕ್ಕೆ ಎಬ್ಬಿಸಿ ಕೂಡಿಸುವ ತಾಯಿಯು, ಹಗಲು ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳುವ ಹೊತ್ತನ್ನೇ ಕಸಿದುಕೊಳ್ಳುತ್ತಾಳೆ. ಮೊಬೈಲನ್ನು ರಾತ್ರಿ ಹೊರಕೋಣೆಯಲ್ಲಿಡುವ ನಿಯಮವು ಒಳ್ಳೆಯದೇ. ಆದರೆ ತಂದೆಯ ಮೊಬೈಲೂ ಅಲ್ಲಿಯೇ ಇರತಕ್ಕದ್ದು.

ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷವಾಗಿ ಎರಡು ಸಂಗತಿಗಳುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರುಷದ ಬಾಲಿಕೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಪುಸ್ತಕದ ಮುಂದೆ ತೂಕಡಿಸುವವಳನ್ನು ಸೋಮಾರಿ ಎಂದು ಬೈಯುವುದಕ್ಕೆ ಮುಂಚೆ ರಕ್ತಪರೀಕ್ಷೆ ಮಾಡಿಸಿರಿ. ಸೊಪ್ಪುಕಾಳುಗಳ ಊಟಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶವು ಚೆನ್ನಾಗಿ ಹತ್ತುವುದು. ಊಟದೊಡನೆ ಟೀ ಕುಡಿದರೆ ಅದು ಕುಂದುವುದು. ಎರಡನೆಯದು ಮನೆಗೆಲಸ. ಅಣ್ಣನು ಓದುವಾಗ ಮನೆಯೆಲ್ಲ ಪಿಸುಮಾತಾಡುವುದು, ತಂಗಿಯು ಓದುವಾಗ ಪಾತ್ರೆಗಳು ಕಾಯುತ್ತಿರುವುದು, ಇದನ್ನು ನಾವು ವಿದ್ಯಾವಂತರ ಮನೆಗಳಲ್ಲಿಯೂ ಕಾಣುತ್ತೇವೆ. ಪಾಲುಹಂಚಿಕೆ ಸಮನಾಗಿರಲಿ.

ಪರೀಕ್ಷೆಯ ಕೇಂದ್ರವು ಬೇರೊಂದು ಶಾಲೆಯಾಗಿರಬಹುದು. ಕೆಂಗೇರಿಯ ಕಡೆಯವರು ಮೈಸೂರು ರಸ್ತೆಯ ಸಂದಣಿಯನ್ನು ನೆನೆದು ಒಂದು ದಿನ ಮುಂಚಿತವಾಗಿ ದಾರಿ ನೋಡಿಬರುವುದು ಲೇಸು.

ಇನ್ನು ಫಲಿತಾಂಶದ ದಿನ. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾಗಳ ಮೂಲಕ ನಿಗಾ ಇಟ್ಟಾಗ, ಮೊದಲ ಪರೀಕ್ಷೆಯ ತೇರ್ಗಡೆಯು ಹಿಂದಿನ ವರುಷದ ಶೇಕಡ 83.89ರಿಂದ 73.40ಕ್ಕೆ ಇಳಿಯಿತು. ಬಾಲಿಕೆಯರಲ್ಲಿ ಶೇಕಡ 81.11 ಮಂದಿ ತೇರ್ಗಡೆಯಾದರು. ಎಂದರೆ ಐವರಲ್ಲಿ ಒಬ್ಬಳಷ್ಟು ಆ ದಿನ ನಪಾಸಾಗಿ ಮನೆಯಲ್ಲಿ ಕುಳಿತಿದ್ದಳು. ಅದೇ ವರುಷ ಒಂದಕ್ಕಿಂತ ಹೆಚ್ಚು ಸಲ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಕ್ರಮವೂ ಜಾರಿಗೆ ಬಂದಿತು. ಹೀಗಿರುವಲ್ಲಿ ಮೊದಲ ಸಲ ತಪ್ಪಿದವಳು ವರುಷವನ್ನೇ ಕಳೆದುಕೊಳ್ಳಬೇಕಾಗಿಲ್ಲ. ಆದರೂ "ಇನ್ನು ಓದು ಸಾಕು, ಗಂಡು ನೋಡೋಣ" ಎಂಬ ಮಾತು ಆ ಸಂಜೆಯೇ ಹುಟ್ಟುತ್ತದೆ; ಚಿಕ್ಕಪ್ಪನ ಮಗಳ ಅಂಕಗಳು ಎದುರಿಗೆ ಬರುತ್ತವೆ; ತಂದೆಯು ಮಾತು ಬಿಡುತ್ತಾನೆ. ಬೈಗಳಿಗಿಂತ ಆ ಮೌನವನ್ನೇ ಮಕ್ಕಳು ಹೆಚ್ಚಾಗಿ ಅಂಜುತ್ತಾರೆಂದು ನಾವು ಬಲ್ಲೆವು. ಆ ರಾತ್ರಿ ಆಕೆಯನ್ನು ಒಂಟಿಯಾಗಿ ಬಿಡಬೇಡಿರಿ; ಜೊತೆಯಲ್ಲಿ ಊಟಮಾಡಿರಿ. ಬದುಕೇ ಬೇಡವೆಂಬ ಮಾತು ಆಕೆಯ ಬಾಯಿಂದ ಬಂದರೆ ಅದನ್ನು ನಟನೆಯೆಂದು ತಳ್ಳದೆ, 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಕೂಡಲೆ ಫೋನು ಮಾಡಿರಿ. ಹಗಲಿರುಳೂ, ಕನ್ನಡದಲ್ಲಿಯೂ, ಹಣವಿಲ್ಲದೆ ಅಲ್ಲಿ ಸಲಹೆ ಸಿಕ್ಕುತ್ತದೆ.

ಮರುದಿನ ಶಾಲೆಗೆ ಮಗಳೊಡನೆ ಬನ್ನಿರಿ. ಉತ್ತರಪತ್ರಿಕೆಯ ನಕಲಿಗೂ ಮರುಮೌಲ್ಯಮಾಪನಕ್ಕೂ ಮುಂದಿನ ಪರೀಕ್ಷೆಗೂ ಅರ್ಜಿಯ ಗಡುವು ಕೆಲವೇ ದಿನಗಳದ್ದು.