ದಡದ ದಾರಿಗೆ ನಾಲ್ಕು ದಿನ ಕೊಡಿ

ಶನಿವಾರ ಬೆಳಗಿನ ಜಾವ ಕುಮಟೆಯ ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಆಗಾಗ ನೋಡುತ್ತೇನೆ. ರಾತ್ರಿ ಬಸ್ಸಿನಿಂದ ಇಳಿಯುತ್ತೀರಿ. ಬೆನ್ನಿಗೆ ದೊಡ್ಡ ಚೀಲ, ಕಣ್ಣಲ್ಲಿ ನಿದ್ದೆ, ಮುಖದಲ್ಲಿ ಹುರುಪು. ಸಮುದ್ರದ ಅಂಚು ಹಿಡಿದು ಗೋಕರ್ಣದವರೆಗೆ ನಡೆಯುತ್ತೇವೆ ಅನ್ನುತ್ತೀರಿ. ಕೇಳಿ ಸಂತೋಷವಾಗುತ್ತದೆ. ಕಾಲು ಗಟ್ಟಿ ಇರುವಾಗಲೇ ನಡೆಯಬೇಕು. ಆದರೆ ವಾಪಸು ಯಾವಾಗ ಎಂದು ಕೇಳಿದರೆ, "ನಾಳೆ ರಾತ್ರಿ ಬಸ್ಸಿಗೆ, ಸೋಮವಾರ ಆಫೀಸಿದೆ" ಅನ್ನುತ್ತೀರಿ. ಆಗ ನನಗೆ ಭಯವಾಗುತ್ತದೆ.

ನಮ್ಮ ಅಜ್ಜಿ ಶಿವರಾತ್ರಿಗೆ ಇದೇ ದಾರಿಯಲ್ಲಿ ಗೋಕರ್ಣಕ್ಕೆ ನಡೆದು ಹೋಗುತ್ತಿದ್ದಳು. ಅವಳ ಕೈಯಲ್ಲಿ ಗಡಿಯಾರ ಇರಲಿಲ್ಲ. ಆದರೆ ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದುಮುಂದೆಯೇ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಭರತ ಜೋರು ಎಂಬುದು ಅವಳಿಗೆ ಗೊತ್ತಿತ್ತು. ಬಂಡೆಯ ಮೂಲೆಗೆ ಬಂದಾಗ ನೀರು ಏರುತ್ತಿದ್ದರೆ ಜೊತೆಯವರನ್ನೆಲ್ಲ ನಿಲ್ಲಿಸಿ, ಗಾಳಿಮರದ ನೆರಳಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚುತ್ತಿದ್ದಳು. ಎರಡು ತಾಸಾದರೂ ಸರಿ, ಮೂರು ತಾಸಾದರೂ ಸರಿ. ನೀರು ಇಳಿದ ಮೇಲೆಯೇ ಏಳುವುದು.

ಇಪ್ಪತ್ತರ ಹರೆಯದಲ್ಲಿ ನಾನು ಆ ಮಾತು ಕೇಳಲಿಲ್ಲ. ಗೆಳೆಯನ ಜೊತೆ ಸಂಜೆ ಹೊತ್ತು ಮರಳಿನಲ್ಲಿ ಬರುತ್ತಿದ್ದೆ. ಮುಂದೆ ಗುಡ್ಡ ಚಾಚಿತ್ತು. ಹತ್ತಿ ಇಳಿದರೆ ಅರ್ಧ ತಾಸು, ಬುಡದಲ್ಲಿ ಬಳಸಿದರೆ ಹತ್ತು ನಿಮಿಷ. ಬುಡದ ದಾರಿ ಹಿಡಿದೆವು. ನಡುವೆ ಹೋಗುವಷ್ಟರಲ್ಲಿ ಮೊಣಕಾಲಿಗಿದ್ದ ನೀರು ಸೊಂಟಕ್ಕೆ ಬಂತು. ಹಿಂದಿನ ಮರಳೂ ಕಾಣಲಿಲ್ಲ, ಮುಂದಿನದೂ ಕಾಣಲಿಲ್ಲ. ಬಂಡೆಗೆ ಅಂಟಿದ ಕಲುವದ ಚಿಪ್ಪು ತಾಗಿ ನನ್ನ ಮೊಣಕಾಲು ಸೀಳಿತು. ಬಲೆ ಬಿಡಲು ಹೊರಟಿದ್ದ ಪಾತಿದೋಣಿಯವರು ನಮ್ಮ ಕೂಗು ಕೇಳಿ ಬಾರದಿದ್ದರೆ ಈ ಮಾತು ಬರೆಯಲು ನಾನಿರುತ್ತಿರಲಿಲ್ಲ. ಇಪ್ಪತ್ತು ನಿಮಿಷ ಉಳಿಸಲು ಹೋಗಿದ್ದೆವು, ಅಷ್ಟೇ.

ಆದ್ದರಿಂದ ಹೊರಡುವ ಮುನ್ನ ಭರತ ಇಳಿತದ ಲೆಕ್ಕ ಕಲಿಯಿರಿ. ಕಷ್ಟದ್ದಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ್ದು ಇಳಿಯಲು ಆರು ತಾಸಿಗಿಂತ ತುಸು ಹೆಚ್ಚು ಬೇಕು. ಇಂದಿನ ಭರತದ ಹೊತ್ತು ತಿಳಿದರೆ ನಾಳಿನದು ಸುಮಾರು 50 ನಿಮಿಷ ತಡ, ಹಳಬರ ಲೆಕ್ಕದಲ್ಲಿ ಎರಡು ಘಳಿಗೆ. ಈಗ ಮೊಬೈಲಿನಲ್ಲೂ ಇದೆಲ್ಲ ಸಿಗುತ್ತದೆ. ಆದರೂ ದಡದಲ್ಲಿ ಬಲೆ ಹೆಣೆಯುತ್ತಾ ಕೂತ ಒಬ್ಬರನ್ನು ಕೇಳಿ: "ಈ ಮೂಲೆ ಈಗ ದಾಟಬಹುದೇ?" ಬೇಡ ಅಂದರೆ ದಾಟಬೇಡಿ. ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ನೀರಿಗಿಳಿಯುವ ವಿಷಯದಲ್ಲಂತೂ ಕೈಮುಗಿದು ಕೇಳುತ್ತೇನೆ. ನಡೆದು ದಣಿದು ಮೈ ಬೆವರಿದಾಗ ಅಲೆ ಕರೆಯುತ್ತದೆ. ಎರಡೂ ಬದಿ ನೊರೆ ಎದ್ದು, ನಡುವೆ ಅಲೆ ಒಡೆಯದೆ ತಣ್ಣಗೆ ಕಾಣುವ ಜಾಗ ಇರುತ್ತದಲ್ಲ, ಹೊಸಬರು ಅಲ್ಲಿಗೇ ಹೋಗುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ಸೆಳೆತ ಇರುವುದು ಹೆಚ್ಚಾಗಿ ಅಲ್ಲೇ. ಸಿಕ್ಕಿಬಿದ್ದರೆ ನೇರ ದಡಕ್ಕೆ ಈಜಿ ಸೋಲಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಗೆಳೆಯ ಮುಳುಗುತ್ತಿದ್ದಾನೆಂದು ಬರಿಗೈಯಲ್ಲಿ ಹಾರಬೇಡಿ. ಖಾಲಿ ಕ್ಯಾನ್, ಹಗ್ಗ, ತೇಲುವ ಯಾವುದನ್ನಾದರೂ ಎಸೆಯಿರಿ, ಕೂಗಿ ಜನ ಸೇರಿಸಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋದ ಮನೆಗಳ ಅಂಗಳದಲ್ಲಿ ನಾನು ಕೂತು ಬಂದಿದ್ದೇನೆ. ಮಳೆಗಾಲದಲ್ಲಿ ಈ ದಾರಿಗೆ ಬರಲೇಬೇಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ.

ಅವಸರದಿಂದ ಜೀವಕ್ಕೆ ಅಪಾಯ ಮಾತ್ರವಲ್ಲ, ನೋಡಬೇಕಾದದ್ದೂ ತಪ್ಪಿಹೋಗುತ್ತದೆ. ಮೊದಲ ದಿನ ಹೊನ್ನಾವರದಿಂದ ಧಾರೇಶ್ವರದ ಮೇಲೆ ಕುಮಟೆ. ಎರಡನೆಯ ದಿನ ಬಾಡ ದಾಟಿ ಅಘನಾಶಿನಿ ಊರು. ಮೂರನೆಯ ದಿನ ದೋಣಿಯಲ್ಲಿ ತದಡಿಗೆ ದಾಟಿ, ಬೇಲೆಕಾನ, ಓಂ, ಕುಡ್ಲೆ ಕಡಲತೀರಗಳ ಮೇಲೆ ಗೋಕರ್ಣ. ನಾಲ್ಕನೆಯ ದಿನ ಗಂಗಾವಳಿ ಹೊಳೆ, ಮಂಜಗುಣಿ, ಅಂಕೋಲೆ. ಹೀಗೆ ನಡೆದರೆ ಸಾಕು.

ಅಘನಾಶಿನಿಯಲ್ಲಿ ನೀವು ದೋಣಿ ಹತ್ತಿ, ನಾಲ್ಕು ಫೋಟೊ ತೆಗೆದು, ಇಳಿದು ಹೋಗುತ್ತೀರಿ. ಅಲ್ಲಿ ಅರ್ಧ ದಿನ ಕೂರಿ. ಶಿರಸಿಯ ಕಡೆಯಿಂದ ಎಲ್ಲೂ ಅಣೆಕಟ್ಟಿಗೆ ಸಿಗದೆ ಹರಿದು ಬಂದ ಹೊಳೆ ಅದು. ಇಳಿತದ ಹೊತ್ತಿಗೆ ಕೆಸರು ಬಯಲಾಗುತ್ತದೆ, ಗಂಡಸರು ಹೆಂಗಸರು ನೀರಿಗಿಳಿದು ಬೆಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಹಿಂದಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿತ್ತು, ಈಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಆಚೆ ದಡದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತು ಗುರುತಿಸಿದ ಜಾಗವನ್ನು ನಮ್ಮ ಮಕ್ಕಳು ಹತ್ತು ನಿಮಿಷದಲ್ಲಿ ದಾಟಿಹೋದರೆ ನನಗೆ ಸಂಕಟವಾಗುತ್ತದೆ. ಬೆಳಚು ಆರಿಸಿ ಬಂದ ತಾಯಂದಿರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಒಂದು ಮಾತು ಆಡಿ. ಕೇಳಿದರೆ ಊಟಕ್ಕೂ ಕರೆದಾರು, ಉಂಡರೆ ದುಡ್ಡು ಕೊಟ್ಟು ಬನ್ನಿ.

ರಾತ್ರಿ ಮರಳಿನ ಮೇಲೆ ಬೆಂಕಿ ಹಾಕಿ ಹಾಡು ಹಚ್ಚುವ ಅಭ್ಯಾಸ ಹೆಚ್ಚಾಗಿದೆ. ನೀವು ನಡೆಯಲು ಬರುವ ಚಳಿಗಾಲದಲ್ಲೇ ಕಡಲಾಮೆಗಳು ಈ ದಡಕ್ಕೆ ಮೊಟ್ಟೆ ಇಡಲು ಬರುತ್ತವೆ. ಒಡೆದು ಬಂದ ಮರಿಗಳು ಬೆಳಕು ಕಂಡತ್ತ ಹರಿಯುತ್ತವೆ. ಕಡಲ ಕಡೆಯ ಆಕಾಶ ತಿಳಿಯಾಗಿರುವುದರಿಂದ ಅವು ನೀರಿಗೆ ಸೇರುತ್ತವೆ. ನಿಮ್ಮ ಬೆಂಕಿ ಕಂಡರೆ ಅತ್ತ ಬಂದು ಸಾಯುತ್ತವೆ. ದೀಪ ಆರಿಸಿ ಕೂರಿ. ಬಾಟಲಿ ಒಡೆಯಬೇಡಿ, ಬೆಳಗ್ಗೆ ಆ ಮರಳಿನ ಮೇಲೆ ಬರಿಗಾಲಲ್ಲಿ ಬಲೆ ಎಳೆಯುವವರಿದ್ದಾರೆ. ತಂದ ಪ್ಲಾಸ್ಟಿಕ್ಕು ಚೀಲದಲ್ಲೇ ಹಿಂತಿರುಗಲಿ.

ಇಷ್ಟು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ನನ್ನ ಕಾಲು ಈಗ ಮರಳಿನಲ್ಲಿ ಹೂತುಹೋಗುತ್ತದೆ, ನಿಮ್ಮದು ಹಾಗಲ್ಲ. ಖಂಡಿತ ಬನ್ನಿ. ಮಳೆ ನಿಂತು ನವೆಂಬರ್ ಬಂದ ಮೇಲೆ, ಎರಡು ದಿನ ಹೆಚ್ಚಿಗೆ ರಜೆ ಹಾಕಿ ಬನ್ನಿ. ಬಸ್ಸಿನ ಟಿಕೆಟ್ ಕಾಯ್ದಿರಿಸುವ ಮೊದಲು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಿಥಿ ಯಾವುದೆಂದು ನೋಡಿ.