ಎಂಜಿನ್ನಿನ ಬೆಲೆ, ಹಳಿಯ ಲೆಕ್ಕ

ಹವ್ಯಾಸವೊಂದಕ್ಕೆ ತಗಲುವ ಖರ್ಚನ್ನು ಅದರ ಮುಖ್ಯ ವಸ್ತುವಿನ ಬೆಲೆಯಿಂದ ಅಳೆಯುವುದು ಮನೆವಾರ್ತೆಯ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಕ್ಯಾಮೆರಾ, ವೀಣೆ, ಕುದುರೆ ಯಾವುದೇ ಆಗಲಿ, ಕೊಂಡ ದಿನ ಕೊಟ್ಟ ಹಣ ನೆನಪಿನಲ್ಲಿ ಉಳಿಯುತ್ತದೆ. ಅದನ್ನು ಇಟ್ಟುಕೊಳ್ಳುವುದಕ್ಕಾಗಿ ವರ್ಷವರ್ಷವೂ ಕೊಡುವ ಹಣ ಲೆಕ್ಕದ ಪುಸ್ತಕಕ್ಕೆ ಬರುವುದೇ ಅಪರೂಪ. ಈ ತಪ್ಪು ಎಷ್ಟು ದುಬಾರಿಯಾಗಬಲ್ಲದೆಂಬುದು, ಜನರು ಕುಳಿತು ಸವಾರಿ ಮಾಡಬಹುದಾದ ಕಿರುರೈಲನ್ನು ಕಟ್ಟಿ ಓಡಿಸುವ ಹವ್ಯಾಸದಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಎಂಜಿನ್ ಒಂದು ವಸ್ತು. ಅದು ಓಡಲು ಬೇಕಾದ ಹಳಿ, ಜಾಗ, ಪರೀಕ್ಷೆ, ವಿಮೆ ಮತ್ತು ಜನರ ದುಡಿಮೆ ಒಂದು ವ್ಯವಸ್ಥೆ. ಮೊದಲನೆಯದನ್ನು ಒಬ್ಬ ವ್ಯಕ್ತಿ ತನ್ನ ಉಳಿತಾಯದಲ್ಲಿ ಕೊಳ್ಳಬಹುದು, ಎರಡನೆಯದನ್ನು ಮಾತ್ರ ಹಲವರು ಕೂಡಿ ಹೊರುವುದೇ ಲೇಸು ಎಂಬುದು, ಇಂಗ್ಲೆಂಡಿನ ನಡುನಾಡಿನ ಊರೊಂದರಲ್ಲಿ ನೆಲೆಸಿ ಹನ್ನೊಂದು ವರ್ಷ ಈ ಹವ್ಯಾಸದ ಜಮಾಖರ್ಚನ್ನು ತಪ್ಪದೆ ಬರೆದಿಟ್ಟ ಪ್ರಸ್ತುತ ಲೇಖಕ ಕಂಡುಕೊಂಡ ಸತ್ಯ.

ಕಿರುರೈಲು ಎಂದರೆ ಮೇಜಿನ ಮೇಲೆ ಓಡುವ ವಿದ್ಯುತ್ ಆಟಿಕೆಯಲ್ಲ. ಅದರ ಎಂಜಿನ್ ದೊಡ್ಡ ಉಗಿ ಎಂಜಿನ್ನಿನಂತೆಯೇ ಕಲ್ಲಿದ್ದಲನ್ನು ಉರಿಸಿ, ಬಾಯ್ಲರಿನಲ್ಲಿ ನೀರನ್ನು ಹಬೆಯಾಗಿಸಿ, ಆ ಹಬೆಯ ಒತ್ತಡದಿಂದ ಪಿಸ್ಟನ್ ಎಂಬ ಕೊಂತವನ್ನು ತಳ್ಳಿ ನಿಜವಾದ ಜನರನ್ನು ಎಳೆಯುತ್ತದೆ. ಬೆಂಗಳೂರಿನ ಕಬ್ಬನ್ ಉದ್ಯಾನದ ಪುಟಾಣಿ ರೈಲಿನಲ್ಲಿ ಮಕ್ಕಳು ಡಬ್ಬಿಯೊಳಗೆ ಕೂರುತ್ತಾರೆ. ಇಲ್ಲಿ ಹೇಳುತ್ತಿರುವ ರೈಲು ಅದಕ್ಕಿಂತಲೂ ಬಹಳ ಚಿಕ್ಕದಾಗಿದ್ದು, ಪ್ರಯಾಣಿಕರು ತಗ್ಗಾದ ಬಂಡಿಯ ಮೇಲೆ ಕುದುರೆಯ ಮೇಲೆ ಕುಳಿತಂತೆ ಎರಡೂ ಕಡೆ ಕಾಲು ಹಾಕಿ ಕೂರುತ್ತಾರೆ. ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರಕ್ಕೆ ಗೇಜ್ ಎಂದು ಹೆಸರು. ಬ್ರಿಟನ್ನಿನಲ್ಲಿ 3½, 5 ಮತ್ತು 7¼ ಅಂಗುಲದ ಗೇಜ್‌ಗಳು ಹೆಚ್ಚಾಗಿ ಬಳಕೆಯಲ್ಲಿದ್ದರೆ, ಅಮೆರಿಕದ ಬಹುಭಾಗದಲ್ಲಿ 7½ ಅಂಗುಲ ರೂಢಿಯಲ್ಲಿದೆ. ಈ ಕಾಲು ಅಂಗುಲದ ವ್ಯತ್ಯಾಸದಿಂದಾಗಿ ಒಂದು ದೇಶದ ಎಂಜಿನ್ ಇನ್ನೊಂದರ ಹಳಿಯ ಮೇಲೆ ಓಡುವುದಿಲ್ಲವಾದ್ದರಿಂದ, ಗೇಜಿನ ಆಯ್ಕೆಯೇ ಮುಂದೆ ಎಂಜಿನ್ನನ್ನು ಯಾರಿಗೆ ಮಾರಬಹುದೆಂಬುದನ್ನೂ ನಿರ್ಧರಿಸುತ್ತದೆ.

ಈ ಹವ್ಯಾಸ ಸಾಮಾನ್ಯ ಸಂಬಳದಾರರ ಕೈಗೆ ಎಟುಕಿದ್ದರ ಹಿಂದೆ ಒಂದು ಹಣಕಾಸಿನ ಕಥೆಯಿದೆ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಲಂಡನ್ನಿನಲ್ಲಿ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ, ಎಲ್‌ಬಿಎಸ್‌ಸಿ ಎಂಬ ಅಂಕಿತದಿಂದ ಬರೆಯುತ್ತಿದ್ದ ಲಿಲಿಯನ್ ಲಾರೆನ್ಸ್ ಎಂಬಾತ, ಕಲ್ಲಿದ್ದಲಿನಿಂದ ಓಡುವ ತೀರ ಚಿಕ್ಕ ಎಂಜಿನ್ ಸಹ ವಯಸ್ಕನೊಬ್ಬನನ್ನು ಎಳೆಯಬಲ್ಲದೆಂದು 1920ರ ದಶಕದಲ್ಲಿ ತೋರಿಸಿಕೊಟ್ಟು, ಮುಂದೆ ಹಲವು ಎಂಜಿನ್‌ಗಳ ವಿನ್ಯಾಸಗಳನ್ನು ಕಂತುಗಳಲ್ಲಿ ಪ್ರಕಟಿಸಿದ. ವಾರದ ಕಂತಿನಲ್ಲಿ ಬಂದ ಭಾಗವನ್ನು ಓದುಗನು ತನ್ನ ಬಿಡುವಿನಲ್ಲಿ ಮಾಡಿ ಮುಗಿಸುತ್ತ ಹೋದದ್ದರಿಂದ, ಖರ್ಚು ವರ್ಷಗಳ ಉದ್ದಕ್ಕೂ ಹರಡಿ, ಸಾಲ ಮಾಡದೆಯೇ ಎಂಜಿನ್ ಒಡೆಯನಾಗುವ ದಾರಿ ತೆರೆಯಿತು. ಬಂದ ಸಂಬಳದಲ್ಲಿ ಉಳಿದಷ್ಟಕ್ಕೇ ಕೆಲಸವನ್ನು ಹೊಂದಿಸಿಕೊಳ್ಳುವ ಈ ಕ್ರಮ ಇಂದಿಗೂ ಹವ್ಯಾಸದ ಅತ್ಯುತ್ತಮ ಆರ್ಥಿಕ ಶಿಸ್ತಾಗಿದೆ.

ಪ್ರಸ್ತುತ ಲೇಖಕನು 2012ರಲ್ಲಿ ಕೊಂಡದ್ದು ಜ್ಯಾಕ್ ಬಕ್ಲರ್ ರೂಪಿಸಿದ ‘ಸ್ವೀಟ್ ಪೀ’ ವಿನ್ಯಾಸದ, 5 ಅಂಗುಲ ಗೇಜಿನ, ಅರ್ಧ ಕಟ್ಟಿದ ಎಂಜಿನ್ನನ್ನು. ಅದರ ಬೆಲೆ 900 ಪೌಂಡ್. ಉಳಿದ ಭಾಗಗಳಿಗೆ ಇನ್ನೊಂದು 600 ಪೌಂಡ್ ಸಾಕೆಂಬುದು ಅಂದಿನ ಅಂದಾಜು. ಆದರೆ ಎಂಜಿನ್ನಿನ ಜೊತೆಗೆ ಬಂದ ಬಾಯ್ಲರಿಗೆ ಯಾವ ಪರೀಕ್ಷಾ ದಾಖಲೆಯೂ ಇರಲಿಲ್ಲ. ಬಾಯ್ಲರನ್ನು ಮೊದಲ ಬಾರಿ ಪರೀಕ್ಷಿಸುವಾಗ ಅದನ್ನು ತಣ್ಣೀರಿನಿಂದ ತುಂಬಿ, ಅದು ಕೆಲಸ ಮಾಡಬೇಕಾದ ಒತ್ತಡದ ಎರಡರಷ್ಟಕ್ಕೆ ಏರಿಸುವುದು ಬ್ರಿಟಿಷ್ ಸಂಘಗಳ ಪದ್ಧತಿ. ನೀರು ಹಬೆಯಂತೆ ಹಿಗ್ಗಿ ಸ್ಫೋಟಿಸುವುದಿಲ್ಲವಾದ್ದರಿಂದ ಬೆಸುಗೆ ಬಿಟ್ಟುಕೊಂಡರೂ ಅಪಾಯವಿರುವುದಿಲ್ಲ. ಆ ಪರೀಕ್ಷೆಯಲ್ಲಿ ಲೇಖಕನ ಬಾಯ್ಲರ್ ಸೋರಿತು. ಹೊಸ ತಾಮ್ರದ ಬಾಯ್ಲರಿಗೆ 1,650 ಪೌಂಡ್ ತೆರಬೇಕಾಯಿತು, ಏಕೆಂದರೆ ಅದರ ಕೂಡುಗಳನ್ನು ಬೆಳ್ಳಿ ಬೆರೆತ ಬೆಸುಗೆಯಿಂದ ಮಾಡಬೇಕಾಗಿದ್ದು, ತಾಮ್ರ, ಬೆಳ್ಳಿ ಮತ್ತು ನುರಿತ ಕೈ ಮೂರೂ ದುಬಾರಿ. ಎರಕದ ಭಾಗಗಳು, ಕವಾಟಗಳು ಮತ್ತು ಒತ್ತಡಮಾಪಕಕ್ಕೆ 700 ಪೌಂಡ್, ಸವಾರಿ ಬಂಡಿಗೆ 350 ಪೌಂಡ್ ಸೇರಿ, 2018ರಲ್ಲಿ ಎಂಜಿನ್ ಮೊದಲ ಬಾರಿಗೆ ಓಡಿದಾಗ ಒಟ್ಟು 3,600 ಪೌಂಡ್ ಆಗಿತ್ತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ನಿಜವಾಯಿತು. ಅರ್ಧ ಕಟ್ಟಿದ ಎಂಜಿನ್ನನ್ನು ಕೊಳ್ಳುವವರು ಮೊದಲು ಕೇಳಬೇಕಾದದ್ದು ಬಾಯ್ಲರಿನ ದಾಖಲೆ. ಅದಿಲ್ಲದಿದ್ದರೆ ಹೊಸ ಬಾಯ್ಲರಿನ ಬೆಲೆಯನ್ನು ಚೌಕಾಸಿಯ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಉಪಕರಣಗಳ ಖರ್ಚನ್ನು ಎಂಜಿನ್ನಿನ ಖರ್ಚಿನೊಂದಿಗೆ ಬೆರೆಸಬಾರದು. ಲೋಹವನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತ್ ಮತ್ತು ಅದರ ಜೊತೆಯ ಸಾಧನಗಳಿಗೆ ಲೇಖಕನು 1,900 ಪೌಂಡ್ ತೆತ್ತದ್ದು ನಿಜವಾದರೂ, ಸುಸ್ಥಿತಿಯಲ್ಲಿರುವ ಹಳೆಯ ಲೇತ್ ಬಹುಪಾಲು ತನ್ನ ಬೆಲೆಯನ್ನು ಉಳಿಸಿಕೊಳ್ಳುತ್ತದೆ ಮತ್ತು ಮುಂದಿನ ಎಂಜಿನ್ನಿಗೂ ದುಡಿಯುತ್ತದೆ. ಇದಕ್ಕೆ ವ್ಯತಿರಿಕ್ತವಾದದ್ದು ದುಡಿಮೆಯ ಲೆಕ್ಕ. ಆರು ವರ್ಷಗಳಲ್ಲಿ ಸುಮಾರು 1,500 ಗಂಟೆಗಳ ಕೆಲಸ ಆ ಎಂಜಿನ್ನಿಗೆ ಸಂದಿತು; ಗಂಟೆಗೆ 10 ಪೌಂಡಿನಂತೆ ಎಣಿಸಿದರೂ ಅದು 15,000 ಪೌಂಡ್. ಮಾರುಕಟ್ಟೆ ಈ ಹಣವನ್ನು ಎಂದೂ ಕೊಡುವುದಿಲ್ಲ. ಆದ್ದರಿಂದ ಕಟ್ಟುವ ಕೆಲಸದಲ್ಲೇ ಸಂತೋಷ ಕಾಣುವವರು ಮಾತ್ರ ಕಟ್ಟಬೇಕು, ಓಡಿಸುವುದರಲ್ಲಿ ಮಾತ್ರ ಆಸೆಯುಳ್ಳವರು ಮುಗಿದ ಎಂಜಿನ್ನನ್ನೇ ಕೊಳ್ಳಬೇಕು. ಏಕೆಂದರೆ ಹಾಗೆ ಕೊಳ್ಳುವವನಿಗೆ ಮತ್ತೊಬ್ಬನ ಸಾವಿರಾರು ಗಂಟೆಗಳ ದುಡಿಮೆ ಬಹುಮಟ್ಟಿಗೆ ಉಚಿತವಾಗಿ ದೊರೆಯುತ್ತದೆ.

ದೊಡ್ಡ ಗೇಜಿನ ಆಕರ್ಷಣೆಗೆ ಒಳಗಾಗುವ ಮೊದಲು ಒಂದು ಗಣಿತವನ್ನು ತಿಳಿದಿರುವುದು ಹಿತಕರ. ಒಂದೇ ಎಂಜಿನ್ನನ್ನು 5 ಅಂಗುಲದಿಂದ 7¼ ಅಂಗುಲಕ್ಕೆ ಹಿಗ್ಗಿಸಿದರೆ ಅದರ ಉದ್ದ ಒಂದೂವರೆ ಪಟ್ಟಿಗಿಂತ ತುಸು ಕಡಿಮೆಯಷ್ಟೇ ಹೆಚ್ಚುತ್ತದೆ. ಆದರೆ ಉದ್ದ, ಅಗಲ, ಎತ್ತರ ಮೂರೂ ಒಟ್ಟಿಗೆ ಹೆಚ್ಚುವುದರಿಂದ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಲೋಹದ ಖರ್ಚಿನ ಜೊತೆಗೆ ಸಾಗಿಸುವ ವಾಹನ, ಎತ್ತುವ ಸಾಧನ, ಇಡುವ ಕೊಠಡಿ ಎಲ್ಲವೂ ಈ ತೂಕವನ್ನೇ ಹಿಂಬಾಲಿಸುತ್ತವೆ.

ಹಳಿಯ ಲೆಕ್ಕ ಇನ್ನೂ ಗಂಭೀರವಾದದ್ದು. ಹಿತ್ತಲಲ್ಲಿ 100 ಮೀಟರ್ ದಾರಿ ಹಾಕಬೇಕೆಂದರೆ 200 ಮೀಟರ್ ಹಳಿ ಬೇಕು. ಹಳಿಗಳನ್ನು ಹೊತ್ತು ಅವುಗಳ ಅಂತರವನ್ನು ಕಾಯುವ ಅಡ್ಡದಿಮ್ಮಿಗಳಾದ ಸ್ಲೀಪರ್‌ಗಳನ್ನು 15 ಸೆಂಟಿಮೀಟರಿಗೊಂದರಂತೆ ಇಟ್ಟರೆ ಅವು ಸುಮಾರು 670 ಆಗುತ್ತವೆ, ಒಂದಕ್ಕೆ ನಾಲ್ಕರಂತೆ ತಿರುಪುಮೊಳೆಗಳು 2,600ನ್ನು ಮೀರುತ್ತವೆ. ಮರದ ಸ್ಲೀಪರ್ ಇಂಗ್ಲೆಂಡಿನ ಒದ್ದೆ ನೆಲದಲ್ಲಿ ಕೊಳೆಯುವುದರಿಂದ ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಮರುಬಳಕೆಯ ಪ್ಲಾಸ್ಟಿಕ್ಕಿನದು ಮೊದಲಿಗೆ ದುಬಾರಿಯಾದರೂ ಹೆಚ್ಚು ಬಾಳುತ್ತದೆ. ಕೆಳಗೆ ಜಲ್ಲಿ, ನೀರು ಹರಿದುಹೋಗಲು ಕಾಲುವೆ, ತಿರುವುಗಳಲ್ಲಿ ಹೆಚ್ಚಿನ ಎಚ್ಚರ ಇವೆಲ್ಲವೂ ಸೇರಿದ ಮೇಲೂ ಮನೆಯ ಹಿತ್ತಲಿನ ದಾರಿಯಲ್ಲಿ ಎಂಜಿನ್ ಒಂದೆರಡು ನಿಮಿಷಗಳಲ್ಲಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಹಣದ ಕೊರತೆಯೇ ಇಲ್ಲದವರಿಗೂ ಈ ಹೊರೆಯ ಇನ್ನೊಂದು ಮುಖ ಎದುರಾಗುತ್ತದೆಂಬುದಕ್ಕೆ ವಾಲ್ಟ್ ಡಿಸ್ನಿಯ ಉದಾಹರಣೆಯಿದೆ. ಆತ 1950ರಲ್ಲಿ ಲಾಸ್ ಏಂಜಲೀಸಿನ ತನ್ನ ಮನೆಯ ಅಂಗಳದಲ್ಲಿ 2,615 ಅಡಿ ಉದ್ದದ, 7¼ ಅಂಗುಲ ಗೇಜಿನ ಕ್ಯಾರಲ್‌ವುಡ್ ಪೆಸಿಫಿಕ್ ರೈಲನ್ನು ಹಾಕಿಸಿ, ಎಂಜಿನ್ನಿಗೆ ಹೆಂಡತಿ ಲಿಲಿಯನ್ ಗೌರವಾರ್ಥ ‘ಲಿಲಿ ಬೆಲ್’ ಎಂದು ಹೆಸರಿಟ್ಟು, ಆಕೆಯ ಹೂದೋಟ ಕೆಡದಂತೆ ಅದರ ಕೆಳಗೆ 90 ಅಡಿಯ ಸುರಂಗವನ್ನೂ ತೋಡಿಸಿದ. 1953ರಲ್ಲಿ ಎಂಜಿನ್ ಹಳಿ ತಪ್ಪಿ, ಹೊರಚಿಮ್ಮಿದ ಹಬೆಯಿಂದ ಮಗುವೊಂದಕ್ಕೆ ಸುಟ್ಟ ಗಾಯವಾದಾಗ ಆತ ರೈಲನ್ನೇ ನಿಲ್ಲಿಸಿಬಿಟ್ಟ. ಅತಿಥಿಯ ಮೈಗೆ ಆಗಬಹುದಾದ ಹಾನಿ ಮನೆಯ ಒಡೆಯನ ಮೇಲೇ ಬೀಳುತ್ತದೆ, ಅದನ್ನು ಎಷ್ಟೇ ಐಶ್ವರ್ಯವೂ ಸುಲಭದ ಸಂಗತಿಯಾಗಿಸಲಾರದು. ಆತನ ರೈಲಿನ ಕಾರ್ಯಾಗಾರವಾಗಿದ್ದ ಕಣಜ ಇಂದು ಗ್ರಿಫಿತ್ ಪಾರ್ಕಿನಲ್ಲಿ, 1956ರಲ್ಲಿ ಹುಟ್ಟಿದ ಲಾಸ್ ಏಂಜಲೀಸ್ ಲೈವ್ ಸ್ಟೀಮರ್ಸ್ ಸಂಘದ ಆವರಣದಲ್ಲಿರುವುದು ಅರ್ಥಪೂರ್ಣ. ಒಬ್ಬನ ಅಂಗಳದಲ್ಲಿ ನಿಂತುಹೋದದ್ದು ಹಲವರ ಅಂಗಳದಲ್ಲಿ ಉಳಿದುಕೊಂಡಿದೆ.

ಸಂಘವೆಂಬುದು ಈ ಹವ್ಯಾಸದ ನಿಜವಾದ ಹಣಕಾಸು ಸಂಸ್ಥೆ. ಹಳಿ, ಜಾಗದ ಬಾಡಿಗೆ, ಸಾರ್ವಜನಿಕ ಹೊಣೆಗಾರಿಕೆ ವಿಮೆ ಎಂಬ ಮೂರು ದೊಡ್ಡ ಬಾಬತ್ತುಗಳನ್ನು ಅದು ಸದಸ್ಯರ ನಡುವೆ ಹಂಚಿ, ಯಾರೊಬ್ಬರೂ ಹೂಡಲಾಗದ ಬಂಡವಾಳವನ್ನು ಎಲ್ಲರೂ ಕೊಡಬಲ್ಲ ವಾರ್ಷಿಕ ಚಂದಾ ಆಗಿ ಮಾರ್ಪಡಿಸುತ್ತದೆ. ಹೊಣೆಗಾರಿಕೆ ವಿಮೆ ಎಂದರೆ ಬೇರೆಯವರಿಗೆ ಆದ ಹಾನಿಗೆ ಕೊಡಬೇಕಾದ ಪರಿಹಾರವನ್ನು ವಿಮಾ ಕಂಪನಿ ಹೊರುವ ಕರಾರು. ಮನೆಯ ವಿಮೆ ಇದನ್ನು ಒಳಗೊಂಡಿದೆಯೆಂದು ಬರಹದಲ್ಲಿ ಖಚಿತಪಡಿಸಿಕೊಳ್ಳದೆ ನೆರೆಮನೆಯ ಮಗುವನ್ನೂ ಬಂಡಿಯ ಮೇಲೆ ಕೂರಿಸಬಾರದು. ಕೂಡಿದ ಕೈಗಳ ಶಕ್ತಿ ಎಷ್ಟು ದೂರ ಹೋಗಬಲ್ಲದೆಂಬುದನ್ನು ಅಮೆರಿಕದ ಓರೆಗಾನ್ ರಾಜ್ಯದ ಚಿಲೊಕ್ವಿನ್ ಬಳಿಯ ಟ್ರೇನ್ ಮೌಂಟನ್ ತೋರಿಸುತ್ತದೆ. ಅಲ್ಲಿ 7½ ಅಂಗುಲ ಗೇಜಿನ ಹಳಿ ಕವಲುಗಳೂ ಸೇರಿ 36 ಮೈಲಿಗಿಂತ ಹೆಚ್ಚಿದೆ.

ಲೇಖಕನ ಪುಸ್ತಕದಲ್ಲಿರುವ ವಾರ್ಷಿಕ ಖರ್ಚು ಹೀಗಿದೆ: ಸಂಘದ ಚಂದಾ 80 ಪೌಂಡ್, ಕಲ್ಲಿದ್ದಲು ಮತ್ತು ಎಣ್ಣೆಗೆ 60, ದುರಸ್ತಿಗೆ ಹಾಗೂ ಬಾಯ್ಲರಿನ ವಾರ್ಷಿಕ ಹಬೆ ಪರೀಕ್ಷೆಯ ಸಿದ್ಧತೆಗೆ 150, ಎಂಜಿನ್ನನ್ನು ಹಳಿಯವರೆಗೆ ಸಾಗಿಸಲು 110, ಒಟ್ಟು 400 ಪೌಂಡ್. ವರ್ಷಕ್ಕೆ ಇಪ್ಪತ್ತು ದಿನ ಓಡಿಸಿದರೆ ದಿನಕ್ಕೆ 20 ಪೌಂಡ್. ಓಡಿಸಿದ ದಿನಗಳು ಐದಕ್ಕೆ ಇಳಿದರೂ ಚಂದಾ ಕಡಿಮೆಯಾಗುವುದಿಲ್ಲ, ಪರೀಕ್ಷೆ ತಪ್ಪುವುದಿಲ್ಲ. ಆಗ ದಿನದ ವೆಚ್ಚ ಬಹಳಷ್ಟು ಏರುತ್ತದೆ. ಎಂಜಿನ್ ಕೊಳ್ಳುವ ಮೊದಲು ಬಿಡುವಿನ ಭಾನುವಾರಗಳನ್ನು ಎಣಿಸಬೇಕೆಂಬ ಸಲಹೆಗೆ ಇದೇ ಆಧಾರ.

ಸವಾರಿಯ ಟಿಕೆಟ್ಟಿನಿಂದ ಹಣ ಹುಟ್ಟೀತೆಂಬ ನಿರೀಕ್ಷೆ ಸಲ್ಲದು. ಸಂಘದ ಸಾರ್ವಜನಿಕ ದಿನಗಳಲ್ಲಿ ಮಕ್ಕಳಿಂದ ಸಂಗ್ರಹವಾಗುವ ನಾಣ್ಯಗಳು ಸ್ಲೀಪರಿಗೆ, ಜಲ್ಲಿಗೆ, ವಿಮೆಗೆ ಸಲ್ಲುತ್ತವೆ. ಚಾಲಕ, ಗಾರ್ಡ್, ಟಿಕೆಟ್ ಕೊಡುವವರು ಎಲ್ಲರೂ ಸ್ವಯಂಸೇವಕರೇ ಆಗಿರುವುದರಿಂದಲೇ ಆ ಲೆಕ್ಕ ಸರಿದೂಗುತ್ತದೆ. ಲೇತ್ ಇಟ್ಟುಕೊಂಡು ಇತರರಿಗೆ ಬಿಡಿಭಾಗ ಮಾಡಿಕೊಟ್ಟು ಹಣ ಪಡೆಯುವವರು ಬ್ರಿಟನ್ನಿನ ತೆರಿಗೆ ನಿಯಮವನ್ನು ಗಮನಿಸಬೇಕು: 2017ರ ಏಪ್ರಿಲಿನಿಂದ ಜಾರಿಯಲ್ಲಿರುವ ವಿನಾಯಿತಿಯಂತೆ, ಇಂಥ ಸಣ್ಣ ವ್ಯಾಪಾರದ ಒಟ್ಟು ವರಮಾನ ವರ್ಷಕ್ಕೆ 1,000 ಪೌಂಡಿನವರೆಗೆ ತೆರಿಗೆಗೆ ಒಳಪಡುವುದಿಲ್ಲ. ಸ್ವಂತ ಸಂತೋಷಕ್ಕಾಗಿ ಇಟ್ಟುಕೊಂಡ ಎಂಜಿನ್ ಕಾನೂನಿನ ಕಣ್ಣಿನಲ್ಲಿ ಯಂತ್ರ, ಅಂದರೆ ಕಾಲಕ್ರಮದಲ್ಲಿ ಸವೆಯುವ ಆಸ್ತಿ. ಅದನ್ನು ಮಾರಿ ಲಾಭ ಬಂದರೆ ಬಂಡವಾಳ ಲಾಭದ ತೆರಿಗೆಯಿಲ್ಲ, ನಷ್ಟವಾದರೆ ಆ ನಷ್ಟವನ್ನು ಬೇರೆ ಲಾಭದಿಂದ ಕಳೆಯಲೂ ಅವಕಾಶವಿಲ್ಲ.

2023ರಲ್ಲಿ ಲೇಖಕನು ತನ್ನ ಎಂಜಿನ್ನನ್ನು ಬಂಡಿಯ ಸಮೇತ ಸಂಘದ ಕಿರಿಯ ಸದಸ್ಯರೊಬ್ಬರಿಗೆ 2,600 ಪೌಂಡಿಗೆ ಮಾರಿದನು. 1,000 ಪೌಂಡಿನ ನಷ್ಟವನ್ನು ಓಡಿದ ಐದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 200. ಅದಕ್ಕೆ ವಾರ್ಷಿಕ ಖರ್ಚಿನ 400 ಸೇರಿದರೆ 600, ಅಂದರೆ ಓಡಿಸಿದ ದಿನಕ್ಕೆ 30 ಪೌಂಡ್. ಹಣದುಬ್ಬರವನ್ನು ಎಣಿಸಿದರೆ ನಷ್ಟ ಇನ್ನೂ ದೊಡ್ಡದೇ. ಇದು ಹೂಡಿಕೆಯಲ್ಲ, ಖರ್ಚು. ಆದರೆ ತಿಳಿದು ಮಾಡಿದ, ಹಿಡಿತದಲ್ಲಿದ್ದ, ಸಂಸಾರದ ಬೇರೆ ಅಗತ್ಯಗಳನ್ನು ಮುಟ್ಟದ ಖರ್ಚು. ಅದು ಹಾಗೆ ಹಿಡಿತದಲ್ಲಿ ಉಳಿದದ್ದು ಲೇಖಕನು ಸ್ವಂತ ಹಳಿ ಹಾಕದೆ, ವರ್ಷಕ್ಕೆ 80 ಪೌಂಡ್ ಕೊಟ್ಟು ಹಲವರ ಹಳಿಯನ್ನು ತನ್ನದಾಗಿಸಿಕೊಂಡದ್ದರಿಂದ. ಎಂಜಿನ್ ಕೈ ಬದಲಾಯಿಸಿದ ಮೇಲೂ ಆ ಚಂದಾ ನಿಂತಿಲ್ಲ. ಚಳಿಗಾಲದ ಶನಿವಾರಗಳಲ್ಲಿ ಲೇಖಕನು ಇತರ ಸದಸ್ಯರೊಂದಿಗೆ ಕೊಳೆತ ಸ್ಲೀಪರ್‌ಗಳನ್ನು ಕಿತ್ತು ಹೊಸವನ್ನು ಕೂರಿಸುತ್ತಾನೆ, ಮತ್ತು ವಸಂತ ಬಂದಾಗ ಅದೇ ಸ್ವೀಟ್ ಪೀ, ಹೊಸ ಒಡೆಯರ ಕೈಯಲ್ಲಿ, ಆ ಸ್ಲೀಪರ್‌ಗಳ ಮೇಲೆ ಮಕ್ಕಳನ್ನು ಹೊತ್ತು ಓಡುತ್ತದೆ.